ಕವಾಟದ ಸೋರಿಕೆಯಲ್ಲಿ ‘ಇ.ಎಫ್.’ ಎಂದರೇನು?

ಶ್ರವಣಾತೀತ ಧ್ವನಿಯಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಹೆಚ್ಚಿನವರು ಮೊದಲು ಹುಡುಕುವುದು ‘ಇ.ಎಫ್.’ ಎಂಬುದರ ಮುಂದಿರುವ ಅಂಕಿಯನ್ನು. ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿಕೊಂಡ ರಕ್ತದ ಶೇಕಡಾ ಎಷ್ಟು ಪಾಲನ್ನು ಒಂದು ಬಡಿತದಲ್ಲಿ ಹೊರದೂಡುತ್ತದೆ ಎಂಬುದರ ಅಳತೆಯೇ ಇ.ಎಫ್., ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಹೃದಯಾಘಾತವಾದವರ ವರದಿಯಲ್ಲಿ ಇದನ್ನು ಬಹುಮಟ್ಟಿಗೆ ಇದ್ದಂತೆಯೇ ಓದಬಹುದು: 60 ಇದ್ದರೆ ಸಮಾಧಾನ, 35ಕ್ಕೆ ಇಳಿದಿದ್ದರೆ ಕಳವಳ. ಮೈಟ್ರಲ್ ಕವಾಟ ತೀವ್ರವಾಗಿ ಸೋರುತ್ತಿರುವವರಲ್ಲಿ ಮಾತ್ರ ಹಾಗೆ ಓದುವಂತಿಲ್ಲ. ಅವರಲ್ಲಿ 60 ಎಂಬುದು ಎಚ್ಚರಿಕೆಯ ಗೆರೆ.

ಮೈಟ್ರಲ್ ಕವಾಟವಿರುವುದು ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ. ಹೃತ್ಕುಕ್ಷಿ ಸಂಕುಚಿಸುವಾಗ ಅದು ಬಿಗಿಯಾಗಿ ಮುಚ್ಚಿಕೊಂಡು, ರಕ್ತವೆಲ್ಲ ಮಹಾಪಧಮನಿಯತ್ತ ಸಾಗುವಂತೆ ನೋಡಿಕೊಳ್ಳಬೇಕು. ಅದು ಸರಿಯಾಗಿ ಮುಚ್ಚದಿದ್ದರೆ ಒಂದು ಪಾಲು ರಕ್ತ ಹಿಂದಕ್ಕೆ, ಒತ್ತಡ ಕಡಿಮೆಯಿರುವ ಹೃತ್ಕರ್ಣಕ್ಕೆ, ನುಗ್ಗುತ್ತದೆ. ಉದಾಹರಣೆಗೆ, ಹಿಗ್ಗಿದ ಹೃತ್ಕುಕ್ಷಿಯೊಂದರಲ್ಲಿ 200 ಮಿ.ಲೀ. ರಕ್ತ ತುಂಬಿ, ಸಂಕೋಚನದ ಕೊನೆಗೆ 80 ಮಿ.ಲೀ. ಉಳಿಯಿತೆನ್ನೋಣ. ಹೊರಬಿದ್ದದ್ದು 120 ಮಿ.ಲೀ., ಇ.ಎಫ್. ಶೇ. 60. ಆದರೆ ಆ 120ರಲ್ಲಿ 60 ಮಿ.ಲೀ. ಹಿಂದಕ್ಕೆ ಸೋರಿದ್ದರೆ, ದೇಹಕ್ಕೆ ದಕ್ಕಿದ್ದು ಉಳಿದ 60 ಮಿ.ಲೀ. ಮಾತ್ರ. ಹೊರದೂಡಿದ್ದೆಷ್ಟು ಎಂಬುದನ್ನು ಇ.ಎಫ್. ಹೇಳುತ್ತದೆಯೇ ಹೊರತು, ಅದು ಎತ್ತ ಹೋಯಿತು ಎಂಬುದನ್ನಲ್ಲ. ಅಲ್ಲದೆ, ಕಡಿಮೆ ಒತ್ತಡದ ಕಡೆಗೆ ರಕ್ತವನ್ನು ತಳ್ಳುವುದು ಸುಲಭವಾದ್ದರಿಂದ, ಸ್ನಾಯು ದುರ್ಬಲವಾಗತೊಡಗಿದ ಮೇಲೂ ಈ ಅಂಕಿ ಸಾಕಷ್ಟು ಕಾಲ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಈ ಕಾರಣಕ್ಕಾಗಿಯೇ, ಕವಾಟದ ದೋಷದಿಂದಲೇ ತೀವ್ರ ಮೈಟ್ರಲ್ ಸೋರಿಕೆ ಉಂಟಾಗಿದ್ದು, ರೋಗಿಗೆ ಏದುಸಿರಾಗಲಿ ಆಯಾಸವಾಗಲಿ ಇಲ್ಲದಿದ್ದರೂ, ಇ.ಎಫ್. ಶೇ. 60 ಅಥವಾ ಅದಕ್ಕಿಂತ ಕಡಿಮೆಯಾದರೆ, ಇಲ್ಲವೇ ಸಂಕೋಚನದ ಕೊನೆಯಲ್ಲಿ ಹೃತ್ಕುಕ್ಷಿಯ ಅಡ್ಡಳತೆ 40 ಮಿ.ಮೀ. ಮುಟ್ಟಿದರೆ, ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬೇಕೆಂದು ಅಮೆರಿಕ ಮತ್ತು ಯುರೋಪಿನ ಹೃದ್ರೋಗ ಸಂಘಗಳ ಮಾರ್ಗಸೂಚಿಗಳು ಹೇಳುತ್ತವೆ. ವರದಿಯಲ್ಲಿ ‘ಎಲ್‌ವಿಐಡಿ-ಎಸ್’ ಎಂದು ನಮೂದಾಗುವ ಈ ಎರಡನೆಯ ಅಳತೆಯನ್ನು ರೋಗಿಗಳು ಗಮನಿಸುವುದು ಅಪರೂಪ; ನನ್ನ ಮಟ್ಟಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬೇಕಾದ ಅಂಕಿಗಳಲ್ಲಿ ಇದೇ ಮುಖ್ಯವಾದುದು. 34, 36, 39 ಎಂದು ಏರುತ್ತಾ ಬಂದ ಮೂರು ವರದಿಗಳು ಹೇಳುವುದನ್ನು 39 ಎಂಬ ಒಂದೇ ವರದಿ ಹೇಳಲಾರದು.

ಸೋರಿಕೆಯ ಪ್ರಮಾಣವನ್ನು ಅಳೆಯುವುದು ಡಾಪ್ಲರ್ ವಿಧಾನದಿಂದ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟಾಗ, ಪ್ರೋಬಿನತ್ತ ಬರುವ ರಕ್ತ ಪರದೆಯ ಮೇಲೆ ಕೆಂಪಾಗಿಯೂ ದೂರ ಸರಿಯುವ ರಕ್ತ ನೀಲಿಯಾಗಿಯೂ ಕಾಣುತ್ತದೆ. ಕವಾಟದ ಸಂದಿಯಿಂದ ರಭಸವಾಗಿ ಚಿಮ್ಮುವ ರಕ್ತ ಹಳದಿ-ಹಸಿರು ಬೆರೆತ ಬಣ್ಣಗಳ ಚುಕ್ಕೆಗಳಾಗಿ ಹರಡುತ್ತದೆ. ಈ ಬಣ್ಣದ ಹರವನ್ನಷ್ಟೇ ನಂಬಿ ತೀವ್ರತೆಯನ್ನು ನಿರ್ಧರಿಸುವಂತಿಲ್ಲ. ಹೃತ್ಕರ್ಣದ ಗೋಡೆಗೆ ಒತ್ತಿಕೊಂಡು ಹರಿಯುವ ಧಾರೆ ಇರುವುದಕ್ಕಿಂತ ಚಿಕ್ಕದಾಗಿ ಕಾಣಬಹುದು. ಹೀಗಾಗಿ ಧಾರೆಯ ಕುತ್ತಿಗೆಯ (ಅಂದರೆ ಅದರ ಅತಿ ಕಿರಿದಾದ ಭಾಗದ) ಅಗಲ, ಸೋರುವ ರಂಧ್ರದ ವಿಸ್ತೀರ್ಣ, ಪ್ರತಿ ಬಡಿತಕ್ಕೆ ಹಿಂದೆ ಸರಿಯುವ ರಕ್ತದ ಪ್ರಮಾಣ ಇವೆಲ್ಲವನ್ನೂ ಸೇರಿಸಿ ನೋಡುತ್ತಾರೆ: ಕುತ್ತಿಗೆ 7 ಮಿ.ಮೀ., ರಂಧ್ರ 0.4 ಚದರ ಸೆಂ.ಮೀ., ಸೋರಿಕೆ 60 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತೀವ್ರ ಸೋರಿಕೆ.

ಪರೀಕ್ಷೆಯ ಹೊತ್ತಿನ ರಕ್ತದೊತ್ತಡವೂ ಫಲಿತಾಂಶವನ್ನು ಬದಲಿಸುತ್ತದೆ. ಬಿ.ಪಿ. ಮಾತ್ರೆ ತಪ್ಪಿಸಿ ಬಂದ ದಿನ ಸೋರಿಕೆ ಹೆಚ್ಚಾಗಿಯೂ, ಅರಿವಳಿಕೆಯಲ್ಲಿ ಅನ್ನನಾಳದ ಮೂಲಕ ಎಕೋ ಮಾಡಿದಾಗ ಕಡಿಮೆಯಾಗಿಯೂ ತೋರಬಹುದು. ವರದಿಯ ಮೂಲೆಯಲ್ಲಿ ಆ ದಿನದ ರಕ್ತದೊತ್ತಡವನ್ನು ಬರೆದಿಡುವುದು ಒಳ್ಳೆಯ ಪ್ರಯೋಗಾಲಯದ ಲಕ್ಷಣ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಶ್ರವಣಾತೀತ ಧ್ವನಿಯಿಂದ ಹೃದಯವನ್ನು ಮೊದಲ ಬಾರಿಗೆ ಪರೀಕ್ಷಿಸಿದ್ದರ ಹಿಂದೆಯೂ ಇದೇ ಕವಾಟವಿತ್ತು. ಕಿರಿದಾದ ಮೈಟ್ರಲ್ ಕವಾಟವನ್ನು ಹಿಗ್ಗಿಸುವ ಶಸ್ತ್ರಚಿಕಿತ್ಸೆಗೆ ಮುನ್ನ, ರೋಗಿಯಲ್ಲಿರುವುದು ಕಿರಿದಾಗುವಿಕೆಯೋ ಸೋರಿಕೆಯೋ ಎಂಬುದು ತಿಳಿಯಬೇಕಿತ್ತು. ಅಂದು ಲೋಹದಲ್ಲಿನ ಬಿರುಕು ಪತ್ತೆಹಚ್ಚುವ ಯಂತ್ರವೇ ಅವರಿಗೆ ಒದಗಿದ ಸಾಧನ.

ಎಷ್ಟು ಕಾಲಕ್ಕೊಮ್ಮೆ ಎಕೋ ಮಾಡಿಸಬೇಕೆಂಬುದು ಸೋರಿಕೆಯ ಮಟ್ಟವನ್ನು ಅವಲಂಬಿಸಿದೆ: ಅಲ್ಪವಿದ್ದರೆ 3ರಿಂದ 5 ವರ್ಷಕ್ಕೊಮ್ಮೆ, ಮಧ್ಯಮವಿದ್ದರೆ 1ರಿಂದ 2 ವರ್ಷಕ್ಕೊಮ್ಮೆ, ತೀವ್ರವಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ವರದಿಯಲ್ಲಿ ‘ಟ್ರಿವಿಯಲ್ ಟಿ.ಆರ್.’ ಎಂದಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ; ಟ್ರೈಕಸ್ಪಿಡ್ ಕವಾಟದ ಅಷ್ಟು ಸೋರಿಕೆ ಆರೋಗ್ಯವಂತರಲ್ಲಿಯೂ ಸಾಮಾನ್ಯ. ಮಹಾಪಧಮನಿಯ ಕವಾಟ ಸೋರುವವರಿಗೆ ಗಡಿಗಳು ಬೇರೆ. ಅಲ್ಲಿ ಸಂಕೋಚನದ ಕೊನೆಯ ಅಡ್ಡಳತೆ 50 ಮಿ.ಮೀ. ದಾಟುವುದನ್ನು ಗಮನಿಸುತ್ತಾರೆ.

ಎಕೋ ಅಳತೆಗಳು ಒಂದಕ್ಕೊಂದು ಹೊಂದದಿದ್ದಾಗ ಎಂ.ಆರ್.ಐ. ನೆರವಿಗೆ ಬರುತ್ತದೆ. ಹೃತ್ಕುಕ್ಷಿ ಹೊರದೂಡಿದ ಒಟ್ಟು ರಕ್ತದಿಂದ ಮಹಾಪಧಮನಿಯಲ್ಲಿ ಮುಂದೆ ಹರಿದದ್ದನ್ನು ಕಳೆದರೆ ಮೈಟ್ರಲ್ ಸೋರಿಕೆಯ ಪ್ರಮಾಣ ಸಿಗುತ್ತದೆ. ಕವಾಟವನ್ನು ದುರಸ್ತಿ ಮಾಡಿದ ಬಳಿಕವೂ ಎಕೋ ತಪ್ಪುವುದಿಲ್ಲ. ಹಿಂದಕ್ಕೆ ನುಗ್ಗುವ ಸುಲಭದ ದಾರಿ ಮುಚ್ಚಿಹೋಗಿರುವುದರಿಂದ ಇ.ಎಫ್. ಮೊದಲಿಗಿಂತ ಕೆಲವು ಅಂಕಿ ಇಳಿಯುವುದು ಸಾಮಾನ್ಯ. ಆಗ ದಾಖಲಾಗುವ ಅಂಕಿಯೇ ಮುಂದಿನ ತಪಾಸಣೆಗಳಿಗೆ ಹೋಲಿಕೆಯ ಆಧಾರವಾಗುತ್ತದೆ.