ವೋಚರ್ ಮೇಲಿನ ವೈಟ್ನರ್

ಬಂಟ್ವಾಳ ಕಡೆಯ ಒಂದು ಸಣ್ಣ ಟ್ರಸ್ಟಿನ ಆಡಿಟ್‌ಗೆ ಹೋಗಿದ್ದೆ. ವಿದೇಶಿ ದೇಣಿಗೆ ಬರುವ ಸಂಸ್ಥೆ, ಡಿಸೆಂಬರ್ 31ರೊಳಗೆ ಆ ದೇಣಿಗೆಯ ವಾರ್ಷಿಕ ಲೆಕ್ಕದ ನಮೂನೆ ಎಫ್‌ಸಿ-4 ಸಲ್ಲಿಸಬೇಕು. ಕಡತ ಮಗುಚುತ್ತಿದ್ದಾಗ ಪಿಕಪ್ ಬಾಡಿಗೆಯ ವೋಚರ್ ಒಂದು ಬೆರಳಿಗೆ ದಪ್ಪಗೆ ತಾಗಿತು. ಬೆಳಕಿಗೆ ಹಿಡಿದು ನೋಡಿದೆ. ವೈಟ್ನರ್ ಅಡಿಯಲ್ಲಿ 1,800, ಮೇಲೆ 4,800.

"ಎಂತ ಇದು ಮಾರಾಯ್ರೆ?" ಅಂದೆ ಕ್ಯಾಶಿಯರಿಗೆ.

"ಎಂತದ್ದೂ ಇಲ್ಲ ಸರ್, ಬರೆಯುವಾಗ ತಪ್ಪಿದ್ದು. ಬೇಕಾದ್ರೆ ಪಿಕಪ್‌ನವರಿಗೇ ಫೋನ್ ಮಾಡಿ ಕೇಳಿ."

ಕೇಳಿದೆ. 4,800 ಸರಿಯೇ ಇತ್ತು. ಆದರೂ ಆ ವೋಚರಿಗೆ ಟಿಕ್ ಹಾಕಲಿಲ್ಲ. ತಪ್ಪಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ ಮಾಡಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ತಪ್ಪೂ ಕಾಣಬೇಕು, ತಿದ್ದಿದವರೂ ಕಾಣಬೇಕು.

ಇದೇ ವೈಟ್ನರ್ ಒಂದು ದೇಶದ ಚುನಾವಣೆಯನ್ನೇ ಮುಳುಗಿಸಿದ್ದುಂಟು. ಅದನ್ನು ಹೇಳಲು ಕಾರಣ, 2025ರ ಫೆಬ್ರವರಿಯಿಂದ ಮಂಗಳೂರಿನ ಹಂಪನಕಟ್ಟೆಯ ನನ್ನ ಆಫೀಸಿಗೆ ಬರುವ ಕಕ್ಷಿದಾರರೆಲ್ಲ ಕೇಳುವ ಒಂದೇ ಪ್ರಶ್ನೆ. ಭಾರತದಲ್ಲಿ ಮತದಾನ ಹೆಚ್ಚಿಸಲು ಅಮೆರಿಕ 2.1 ಕೋಟಿ ಡಾಲರ್ ಇಟ್ಟಿತ್ತು ಎಂಬ ಗದ್ದಲ ಎದ್ದಿತಲ್ಲ, ಆವಾಗಿನದು: "ಹೊರಗಿನವರು ದುಡ್ಡು ಕೊಟ್ಟರೆ ಚುನಾವಣೆ ಸುಧಾರಿಸ್ತದಾ ಸರ್?" ಆ ಗದ್ದಲದ ರಾಜಕೀಯ ನನಗೆ ಬೇಡ. ನಮ್ಮ ಕಾನೂನು ಈ ವಿಷಯದಲ್ಲಿ ಬಿಗಿಯಾಗಿಯೇ ಇದೆ. ಪಕ್ಷಗಳಾಗಲಿ ಅಭ್ಯರ್ಥಿಗಳಾಗಲಿ ವಿದೇಶಿ ದೇಣಿಗೆ ಪಡೆಯುವಂತಿಲ್ಲ, ಸಂಸ್ಥೆಗಳಿಗೆ ಬರುವ ಪ್ರತಿ ರೂಪಾಯಿಯೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇಳಿಯಬೇಕು. ಆ ಪ್ರಶ್ನೆಗೆ ನಾನು ಕೊಡುವ ಉತ್ತರ ಮಲಾವಿ.

ಆಫ್ರಿಕಾದ ಮಲಾವಿ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಚಿಕ್ಕದು. ಹೇಸ್ಟಿಂಗ್ಸ್ ಬಂಡಾ ಅಲ್ಲಿ ಮೂವತ್ತು ವರ್ಷ ಆಳಿದರು. ಪಕ್ಷ ಒಂದೇ, ಬಾಯಿ ತೆರೆದವರಿಗೆ ಜೈಲು. 1992ರ ಮೇ ತಿಂಗಳಲ್ಲಿ ದಾನಿ ದೇಶಗಳು ಮಾನವೀಯ ನೆರವೊಂದನ್ನು ಬಿಟ್ಟು ಉಳಿದೆಲ್ಲ ಹೊಸ ನೆರವು ನಿಲ್ಲಿಸಿದವು. ಮರುವರ್ಷ ಜೂನಿನಲ್ಲಿ ಬಹುಪಕ್ಷ ವ್ಯವಸ್ಥೆ ಬೇಕೇ ಎಂಬ ಜನಮತಗಣನೆ, 1994ರಲ್ಲಿ ಬಹುಪಕ್ಷ ಚುನಾವಣೆ, ಬಂಡಾ ಸೋತರು. ದಾನಿಗಳ ಒತ್ತಡ ಫಲ ಕೊಟ್ಟದ್ದಕ್ಕೆ ಪಾಠ ಹೇಳುವವರು ಕೊಡುವ ಉದಾಹರಣೆ ಇದು. ಅವರು ಬಿಡುವ ಸಂಗತಿಯೊಂದುಂಟು. ದಾನಿಗಳು ಬಾಗಿಲು ಹಾಕುವ ಎರಡು ತಿಂಗಳ ಮೊದಲೇ ಅಲ್ಲಿನ ಕ್ಯಾಥೊಲಿಕ್ ಬಿಷಪರು ಬಂಡಾ ಆಡಳಿತವನ್ನು ಟೀಕಿಸಿ ಒಂದು ಪತ್ರ ಬರೆದು, ತಪಸ್ಸುಕಾಲದ ಭಾನುವಾರ ಎಲ್ಲ ಇಗರ್ಜಿಗಳಲ್ಲಿ ಓದಿಸಿದ್ದರು. ಇಗರ್ಜಿಯಲ್ಲಿ ಓದಿದ ಪತ್ರ ಸಂಜೆಯೊಳಗೆ ಊರೆಲ್ಲ ಹೇಗೆ ಸುತ್ತುತ್ತದೆಂದು ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ದಾನಿಗಳು ತಳ್ಳಿದ್ದು ಆಗಲೇ ಅಲುಗಾಡುತ್ತಿದ್ದ ಬಾಗಿಲನ್ನು.

ಆಮೇಲೆ ಬಂದವು ಆಡಳಿತ ಸುಧಾರಣೆಗಳು. ನನ್ನ ವೃತ್ತಿಗೆ ಹತ್ತಿರದ್ದು, ಸರ್ಕಾರದ ಪಾವತಿಗಳೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯಬೇಕೆಂಬ ಇಫ್ಮಿಸ್. ಕಾಗದದ ಮೇಲೆ ಚೆಂದ. 2013ರಲ್ಲಿ ನೋಡಿದರೆ ಅದೇ ವ್ಯವಸ್ಥೆಯೊಳಗಿಂದ ಹಣ ಪಾವತಿಸಿ, ಪಾವತಿಯ ದಾಖಲೆಯನ್ನೇ ಅಳಿಸಿಹಾಕಿದ್ದರು. ಕ್ಯಾಶ್‌ಗೇಟ್ ಎಂದೇ ಹೆಸರಾಯಿತು. ಆರೇ ತಿಂಗಳಲ್ಲಿ ಹೋದದ್ದು ಸುಮಾರು 3 ಕೋಟಿ ಡಾಲರ್ ಎಂದು ಬ್ರಿಟನ್ ಕಳಿಸಿದ ಲೆಕ್ಕಪರಿಶೋಧಕರು ಕಂಡುಕೊಂಡರು. ದಾನಿಗಳು ಬಜೆಟ್ ನೆರವು ತಡೆಹಿಡಿದರು. ಕಂಪ್ಯೂಟರಿನಲ್ಲಿ ವೈಟ್ನರ್‌ಗೆ ಡಿಲೀಟ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು 2019ರ ಮೇ 21ರ ಚುನಾವಣೆ. ಐರೋಪ್ಯ ಒಕ್ಕೂಟದ ವೀಕ್ಷಕರು ಬಂದಿದ್ದರು, ಮತದಾನ ಚೆನ್ನಾಗಿ ನಡೆಯಿತೆಂದೇ ಮೊದಲ ಹೇಳಿಕೆ ಕೊಟ್ಟರು. ಸುಳ್ಳೇನಲ್ಲ. ಬೂತಿನಲ್ಲಿ ಕಂಡದ್ದನ್ನು ಹೇಳಿದರು. ಆದರೆ ಮತ ಎಣಿಸಿದ ಮೇಲೆ ಫಲಿತಾಂಶದ ಹಾಳೆಗಳು ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಅಂಕಿಗಳ ಮೇಲೆ ವೈಟ್ನರ್ ಬಿದ್ದಿತ್ತು. ಶೇ 38.57 ಮತ ಪಡೆದ ಆಗಿನ ಅಧ್ಯಕ್ಷ ಪೀಟರ್ ಮುತಾರಿಕಾ ಗೆದ್ದರೆಂದು ಆಯೋಗ ಘೋಷಿಸಿತು. ಜನ ತಿಂಗಳುಗಟ್ಟಲೆ ಬೀದಿಯಲ್ಲಿದ್ದರು. ಕೊನೆಗೆ ಐವರು ನ್ಯಾಯಾಧೀಶರು ಗುಂಡು ತಡೆಯುವ ಕವಚ ತೊಟ್ಟು ಕೋರ್ಟಿಗೆ ಬಂದು, 2020ರ ಫೆಬ್ರವರಿ 3ರಂದು ಚುನಾವಣೆಯನ್ನೇ ರದ್ದು ಮಾಡಿದರು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು ಎಂದೂ ಹೇಳಿದರು. ಜೂನಿನ ಮರುಚುನಾವಣೆಗೆ ಕೋವಿಡ್‌ನಿಂದಾಗಿ ವಿದೇಶಿ ವೀಕ್ಷಕರು ಬರಲಿಲ್ಲವೆಂದೇ ಹೇಳಬಹುದು. ಸುಮಾರು ಶೇ 58 ಮತ ಪಡೆದು ವಿರೋಧ ಪಕ್ಷದ ಲಾಜರಸ್ ಚಕ್ವೇರಾ ಗೆದ್ದರು.

ದಾನಿಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಮ್ಮೂರೂ ಇಂಥ ದುಡ್ಡು ಉಂಡದ್ದೇ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮಂಗಳೂರು, ಉಡುಪಿ ಸೇರಿದಂತೆ ಹತ್ತು ಊರುಗಳಿಗೆಂದು 17.5 ಕೋಟಿ ಡಾಲರ್ ಸಾಲ ಕೊಟ್ಟಿತು. ನೀರು, ಒಳಚರಂಡಿಯ ಜೊತೆಗೆ ಸ್ಥಳೀಯ ಸಂಸ್ಥೆಗಳ ಆಡಳಿತ ಗಟ್ಟಿ ಮಾಡುವುದೂ ಆ ಯೋಜನೆಯಲ್ಲಿತ್ತು. ಈಗ ಯಾರನ್ನಾದರೂ ಕೇಳಿ, "ಎಡಿಬಿ" ಎಂದರೆ ಅಗೆದ ರಸ್ತೆ ನೆನಪಾಗುತ್ತದೆ. ಪೈಪು ಫೋಟೋದಲ್ಲಿ ಬೀಳುತ್ತದೆ, ಲೆಕ್ಕ ಬರೆಯುವ ಅಭ್ಯಾಸ ಬೀಳುವುದಿಲ್ಲ. ಮತಪೆಟ್ಟಿಗೆ, ಮತದಾರರ ಪಟ್ಟಿ, ತರಬೇತಿ ಶಿಬಿರ, ಇವೆಲ್ಲ ಹಣ ಕೊಟ್ಟರೆ ಬರುತ್ತವೆ, ಬರಲಿ. ತಿದ್ದಿದ ಹಾಳೆಯನ್ನು ಹಿಡಿದು "ಇದನ್ನು ತಿದ್ದಿದ್ದು ಯಾರು?" ಎಂದು ಕೇಳುವವರು ಮಾತ್ರ ಆ ಊರಿನವರೇ ಆಗಬೇಕು.

ಮತ್ತೆ, ಲೆಕ್ಕ ಚೊಕ್ಕವಾದ ಕೂಡಲೇ ವ್ಯಾಪಾರ ಲಾಭಕ್ಕೆ ತಿರುಗುತ್ತದೆ ಎಂದೇನಿಲ್ಲ. ಚುನಾವಣೆ ಚೊಕ್ಕವಾದ ಕೂಡಲೇ ಜನ ಮೆಚ್ಚುವ ಆಡಳಿತ ಬರುತ್ತದೆ ಎಂದೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಮಲಾವಿಯ ಮತದಾರರು ಚಕ್ವೇರಾರನ್ನು ಇಳಿಸಿ ಅದೇ ಮುತಾರಿಕಾರನ್ನು ವಾಪಸ್ ತಂದರು. ಚಕ್ವೇರಾ ಸೋಲು ಒಪ್ಪಿಕೊಂಡು ಜಾಗ ಬಿಟ್ಟುಕೊಟ್ಟರು. ಆಡಿಟರ್ ಆಗಿ ನನಗೆ ಅಷ್ಟು ಸಾಕು.

ಆ ಟ್ರಸ್ಟಿಗೆ ದೇಣಿಗೆ ಕೊಡುವವರ ವರದಿ ನಮೂನೆ ಹದಿನಾಲ್ಕು ಪುಟದ್ದು. ಎಷ್ಟು ತರಬೇತಿ, ಎಷ್ಟು ಮಂದಿ, ಅದರಲ್ಲಿ ಎಷ್ಟು ಹೆಂಗಸರು, ಎಲ್ಲಕ್ಕೂ ಕಾಲಂ ಉಂಟು. ವೋಚರ್ ತಿದ್ದಿದರೆ ಯಾರು ಸಹಿ ಹಾಕಬೇಕೆಂಬುದಕ್ಕೆ ಇಲ್ಲ. ಈ ಸಲ ಹೋದಾಗ ಮೂರು ವೋಚರುಗಳಲ್ಲಿ ನೀಟಾಗಿ ಗೀಟು, ಸಹಿ, ತಾರೀಕು. ಕ್ಯಾಶಿಯರ್ ಸ್ವಲ್ಪ ಹೆಮ್ಮೆಯಿಂದಲೇ ನಿಂತಿದ್ದರು. ನಾಲ್ಕನೆಯದರಲ್ಲಿ ಗೀಟು ಇತ್ತು, ಸಹಿ ಇರಲಿಲ್ಲ. ತಿರುಗಿಸಿ ಕೊಟ್ಟೆ.