ಫೋಟೊ ಒಯ್ಯಲು ಬಂದ ಬಾಟ್ ಮತ್ತು ಫೈರ್‌ವಾಲ್‌ನ ಅನುಮಾನ

ವೆಬ್‌ಸೈಟ್ ಆಮೆಯಂತೆ ತೆವಳುತ್ತಿದ್ದರೆ ಬಹಳ ಸಲ ಕಾರಣ ಫೋಟೊಗಳೇ. ಮೊಬೈಲ್‌ನಲ್ಲಿ ತೆಗೆದ ಫೋಟೊ ಒಂದೊಂದೂ ಹಲವು ಎಂಬಿ ತೂಗುತ್ತದೆ. ಅದನ್ನು ಹಗುರ ಮಾಡಲೆಂದೇ ಇಮೇಜ್ ಆಪ್ಟಿಮೈಸೇಶನ್ ಸೇವೆಗಳಿವೆ. ಅವು ಬಾಟ್ ಅಂದರೆ ತಾನಾಗೇ ಓಡುವ ಪ್ರೋಗ್ರಾಂ ಕಳಿಸಿ ನಿಮ್ಮ ಸರ್ವರ್‌ನಿಂದ ಮೂಲ ಫೋಟೊ ಒಯ್ಯುತ್ತವೆ, ಅಳತೆ ತಗ್ಗಿಸುತ್ತವೆ, ಗೂಗಲ್ 2010ರಲ್ಲಿ ತಂದ ವೆಬ್‌ಪಿ ಅಥವಾ ಅದಕ್ಕಿಂತ ಹೊಸದಾದ ಎವಿಐಎಫ್ ಎಂಬ ಹಗುರ ಫೋಟೊ ಮಾದರಿಗೆ ಬದಲಿಸಿ ನೋಡುವವರಿಗೆ ಕಳಿಸುತ್ತವೆ.

ಸರ್ವರ್‌ಗೆ ಬರುವವರನ್ನು ತಡೆದು ನೋಡುವ ಕಾವಲುಗಾರ ಫೈರ್‌ವಾಲ್. ಅದಕ್ಕೆ ಇದೆಲ್ಲ ಹೇಗೆ ಕಾಣುತ್ತದೆ? ಎಲ್ಲೋ ಒಂದು ಡೇಟಾ ಸೆಂಟರ್‌ನಿಂದ ಯಾರೋ ಪಟಪಟನೆ ನೂರಾರು ಫೋಟೊ ಕೇಳುತ್ತಿದ್ದಾರೆ. ಪುಟ ತೆರೆಯುವುದಿಲ್ಲ, ಕುಕಿ ಇಟ್ಟುಕೊಳ್ಳುವುದಿಲ್ಲ. ಫೋಟೊ ಕದಿಯುವ ಬಾಟ್ ಕೂಡ ಥೇಟ್ ಹೀಗೇ ಅಲ್ವಾ? ಹಾಗಾಗಿ ಅದು ಮುಲಾಜಿಲ್ಲದೆ 403 (ಪ್ರವೇಶವಿಲ್ಲ) ಎಂದು ಬಾಗಿಲು ಹಾಕುತ್ತದೆ. ಇಲ್ಲವೇ 429, ಅಂದರೆ ಜಾಸ್ತಿ ಕೇಳಿದ್ದಾಯ್ತು, ಸ್ವಲ್ಪ ನಿಲ್ಲು. ಪೇಚಿನ ಸಂಗತಿ ಏನೆಂದರೆ, ಕ್ಯಾಶ್‌ನಲ್ಲಿರುವ, ಅಂದರೆ ಸೇವೆಯವರು ಮೊದಲೇ ಉಳಿಸಿಟ್ಟುಕೊಂಡ ಹಳೆಯ ಫೋಟೊಗಳು ಸರಿಯಾಗೇ ಕಾಣುತ್ತಿರುತ್ತವೆ. ಹೊಸದಾಗಿ ಹಾಕಿದವು ಮಾತ್ರ ಕಾಣುವುದಿಲ್ಲ. ಸೈಟಿನವರು ಸುಮ್ನೆ ಫೋಟೊ ಫೈಲನ್ನೇ ಅನುಮಾನಿಸುತ್ತಾ ಕೂರುತ್ತಾರೆ.

ಇದಕ್ಕೆ ಮದ್ದು ವೈಟ್‌ಲಿಸ್ಟ್, ಅಂದರೆ ತಡೆಯದೆ ಒಳಗೆ ಬಿಡಬೇಕಾದವರ ಪಟ್ಟಿ. ಸೇವೆಯವರು ತಮ್ಮ ಬಾಟ್‌ಗಳ ಐಪಿ ವಿಳಾಸಗಳನ್ನು ಕೊಡುತ್ತಾರೆ, ನೀವು ಫೈರ್‌ವಾಲ್‌ಗೆ ಸೇರಿಸುತ್ತೀರಿ. ಪಟ್ಟಿಯಲ್ಲಿ 203.0.113.0/24 ಎಂಬಂಥ ಸಾಲುಗಳಿರುತ್ತವೆ. ಐಪಿವಿ4 ಎಂಬ ಈ ಬಗೆಯ ವಿಳಾಸದಲ್ಲಿ ಒಟ್ಟು 32 ಬಿಟ್. ಮೊದಲ 24 ಬದಲಾಗುವುದಿಲ್ಲ, ಉಳಿದ 8 ಏನಾದರೂ ಆಗಬಹುದು ಎಂದು ಈ ಸಾಲಿನ ಅರ್ಥ. ಅಲ್ಲಿಗೆ 256 ವಿಳಾಸ. ಕೈತಪ್ಪಿ /16 ಎಂದು ಬರೆದರೆ 65,536 ವಿಳಾಸಗಳಿಗೆ ಬಾಗಿಲು ತೆರೆದಂತೆ!

ವಿಳಾಸವೇ ಯಾಕೆ, ಹೆಸರು ನೋಡಿದರೆ ಸಾಲದೇ? ಬಾಟ್‌ಗಳು ಯೂಸರ್ ಏಜೆಂಟ್ ಎಂಬ ಸಾಲಿನಲ್ಲಿ ಹೆಸರು ಹೇಳಿಕೊಳ್ಳುತ್ತವೆ ನಿಜ, ಆದರೆ ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ವಿಳಾಸದ ವಿಷಯದಲ್ಲಿ ಆ ಆಟ ಅಷ್ಟು ಸುಲಭವಲ್ಲ. ಟಿಸಿಪಿ ಎಂಬ ನಿಯಮದಂತೆ ಸಂಪರ್ಕ ಶುರುವಾಗುವಾಗ ಸರ್ವರ್ ಊಹಿಸಲಾಗದ ಒಂದು ಸಂಖ್ಯೆಯನ್ನು ಆ ವಿಳಾಸಕ್ಕೆ ಕಳಿಸುತ್ತದೆ. ಅದು ತಲುಪಿದೆ ಎಂಬ ಉತ್ತರ ಬಂದರಷ್ಟೇ ಮಾತು ಮುಂದುವರಿಯುತ್ತದೆ. ಸುಳ್ಳು ವಿಳಾಸ ಕೊಟ್ಟವನಿಗೆ ಆ ಸಂಖ್ಯೆ ತಲುಪುವುದೇ ಇಲ್ಲ.

ನಿಮ್ಮ ಸರ್ವರ್ ಮುಂದೆ ಸಿಡಿಎನ್ (ಸೈಟಿನ ನಕಲನ್ನು ಹಲವು ಕಡೆಯ ಸರ್ವರ್‌ಗಳಿಂದ ಹಂಚುವ ಜಾಲ) ಇದ್ದರೆ ಲೆಕ್ಕ ಬೇರೆ. ಆಗ ಸರ್ವರ್‌ಗೆ ಕಾಣುವುದು ಸಿಡಿಎನ್ ವಿಳಾಸ ಮಾತ್ರ. ನಿಜವಾಗಿ ಬಂದವರ ವಿಳಾಸ ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರ್‌ನಲ್ಲಿ, ಅಂದರೆ ಕೋರಿಕೆಯ ಜೊತೆ ಬರುವ ಮಾಹಿತಿ ಸಾಲಿನಲ್ಲಿರುತ್ತದೆ. ಹೆಡರ್ ಅಂದಮೇಲೆ ಅದನ್ನೂ ಯಾರಾದರೂ ಬರೆದು ಕಳಿಸಬಹುದು. ಆದ್ದರಿಂದ ವೈಟ್‌ಲಿಸ್ಟನ್ನು ಸಿಡಿಎನ್‌ನಲ್ಲೇ ಹಾಕುವುದು ಮೇಲು.

ಇನ್ನೊಂದು ಮಾತು. ಇಂಥ ಸೇವೆಗಳು ಸಾಮಾನ್ಯವಾಗಿ ಎಲ್ಲ ಗ್ರಾಹಕರಿಗೂ ಅವೇ ವಿಳಾಸಗಳನ್ನು ಬಳಸುತ್ತವೆ. ಅಂದರೆ ಅದೇ ಸೇವೆಯ ಇನ್ನೊಬ್ಬ ಗ್ರಾಹಕ ಕೇಳಿಸಿದ ಫೋಟೊಗೂ ನಿಮ್ಮ ಫೈರ್‌ವಾಲ್ ಹೂಂ ಅನ್ನಬಹುದು. ನನ್ನನ್ನು ಕೇಳಿದರೆ, ಫೋಟೊ ಫೋಲ್ಡರ್‌ಗಷ್ಟೇ ವಿನಾಯಿತಿ ಕೊಡಿ, ಲಾಗಿನ್ ಪುಟಕ್ಕೆ ಬೇಡ. ಸೇವೆಯವರು ಗುಟ್ಟಿನ ಟೋಕನ್ (ಗುರುತಿನ ಪದ) ಕಳಿಸುವ ಸೌಲಭ್ಯ ಕೊಟ್ಟಿದ್ದರೆ ಅದನ್ನೂ ಹಾಕಿಕೊಳ್ಳಿ. ವಿಳಾಸದ ಪಟ್ಟಿ ಆಗಾಗ ಬದಲಾಗುತ್ತದೆ. ಅವರು ಬಿಟ್ಟುಕೊಟ್ಟ ಕ್ಲೌಡ್ ವಿಳಾಸ ನಾಳೆ ಬೇರೆ ಯಾರದೋ ಆಗಿರುತ್ತದೆ, ನಿಮ್ಮ ಫೈರ್‌ವಾಲ್ ಮಾತ್ರ ಅದನ್ನು ಇನ್ನೂ ನಂಬುತ್ತಿರುತ್ತದೆ.