ಸೈಕಲ್ ರಿಪೇರಿಗೆ ಅಲೆನ್ ಕೀ: ಇಡೀ ಸೆಟ್‌ಗಿಂತ ಮೂರು ಒಳ್ಳೆ ಕೀ ಮೇಲು

ಸೈಕಲ್‌ಗೆ ಲಕ್ಷ ರೂಪಾಯಿ ಹಾಕಿರ್ತಾರೆ, ಅದರ ಬೋಲ್ಟ್ ಬಿಚ್ಚೋಕೆ ಮಾತ್ರ ಯಾವುದೋ ಫರ್ನಿಚರ್ ಬಾಕ್ಸಲ್ಲಿ ಫ್ರೀ ಬಂದಿದ್ದ ಅಲೆನ್ ಕೀ, ಅಂದ್ರೆ ಬೋಲ್ಟ್ ತಲೆಯ ಆರು ಮೂಲೆ ತೂತಿಗೆ ಹಾಕಿ ತಿರುಗಿಸೋ ಕೀ. ಪುಣೆಯಲ್ಲಿ ಸೈಕಲ್ ರಿಪೇರಿ ಕೆಲಸ ಮಾಡೋ ನನಗೆ ಇದು ದಿನಾ ಕಾಣೋ ವಿಷಯ. ಮಳೆಗಾಲ ಮುಗಿದು ಜನ ಮತ್ತೆ ಸಿಂಹಗಡ, ಬೋಪದೇವ್ ಘಾಟ್ ಅಂತ ಹೊರಡೋ ಹೊತ್ತಿಗೆ ಇನ್ನೂ ಜಾಸ್ತಿ, ಯಾಕಂದ್ರೆ ನಾಲ್ಕು ತಿಂಗಳು ನೀರು ಕುಡಿದು ಕೂತಿರೋ ಬೋಲ್ಟನ್ನ ಕೆಟ್ಟ ಕೀ ಹಾಕಿ ತಿರುಗಿಸಿ, ಅದು ರೌಂಡ್ ಆದ್ಮೇಲೆ (ತೂತಿನ ಮೂಲೆ ಸವೆದು ಕೀ ಜಾರೋ ಹಾಗಾದ್ಮೇಲೆ) ನಮ್ಮ ಹತ್ರ ಬರ್ತಾರೆ. ಹಿಂಜೆವಾಡಿಯಲ್ಲಿ ಕೆಲಸ ಮಾಡೋ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದ ಹುಡುಗ್ರು ಸುಮಾರು ಜನ ಬರ್ತಾರೆ, ಕನ್ನಡದಲ್ಲೇ ಮಾತು ಶುರು ಆಗುತ್ತೆ, ಕೊನೆಗೆ ಎಲ್ರೂ ಕೇಳೋ ಪ್ರಶ್ನೆ ಒಂದೇ, ಯಾವ ಸೆಟ್ ತಗೊಳ್ಲಿ ಅಂತ. ಸೆಟ್ ತಗೋಬೇಡಿ ಅಂತೀನಿ ನಾನು. 4, 5, 6 ಎಂಎಂ, ಈ ಮೂರು ಮಾತ್ರ ಬಿಡಿಯಾಗಿ ಒಳ್ಳೇದು ತಗೊಳ್ಳಿ, ಉಳಿದದ್ದು ಸಾಧಾರಣದ್ದಾದ್ರೂ ನಡೆಯುತ್ತೆ.

ಯಾಕೆ ಅಂದ್ರೆ, ಸೈಕಲ್ಲಲ್ಲಿ ಹೆಚ್ಚಿನ ಕೆಲಸ ಎಂ5 ಮತ್ತು ಎಂ6, ಅಂದ್ರೆ 5 ಮತ್ತು 6 ಎಂಎಂ ದಪ್ಪದ ಥ್ರೆಡ್ ಇರೋ ಬೋಲ್ಟ್‌ಗಳದ್ದು. ಎಂ5 ಕ್ಯಾಪ್ ಹೆಡ್ ಬೋಲ್ಟ್‌ಗೆ 4 ಎಂಎಂ ಕೀ, ಎಂ6ಕ್ಕೆ 5 ಎಂಎಂ. ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ಭಾಗ), ಸೀಟ್ ಪೋಸ್ಟ್ ಕ್ಲ್ಯಾಂಪ್, ಡಿಸ್ಕ್ ಬ್ರೇಕ್ ಕ್ಯಾಲಿಪರ್, ಡೀರೇಲರ್ (ಗೇರ್ ಬದಲಿಸೋ ಭಾಗ), ಶೂವನ್ನ ಪೆಡಲ್‌ಗೆ ಹಿಡಿಸೋ ಶೂ ಕೆಳಗಿನ ಕ್ಲೀಟ್, ಬಾಟಲ್ ಕೇಜ್, ಬಹುತೇಕ ಎಲ್ಲ ಇವೆರಡರಲ್ಲೇ ಮುಗಿಯುತ್ತೆ. 6 ಎಂಎಂ ಎಷ್ಟೋ ಪೆಡಲ್‌ಗಳಿಗೆ ಬೇಕು. 8 ಎಂಎಂ ಕ್ರ್ಯಾಂಕ್‌ಗೆ ಮತ್ತು ಕೆಲವು ಪೆಡಲ್‌ಗೆ ಬರುತ್ತೆ, ಆದ್ರೆ ಆ ಸೈಜಲ್ಲಿ ಕೀ ದಪ್ಪ ಇರೋದ್ರಿಂದ ಸುಮಾರಾದ ಉಕ್ಕು ಇದ್ರೂ ತಡ್ಕೊಳ್ಳುತ್ತೆ. ಜಾಸ್ತಿ ರೌಂಡ್ ಆಗಿ ಬರೋದು 4 ಎಂಎಂ.

ಈಗ ಒಳ್ಳೆ ಕೀ ಅಂದ್ರೆ ಏನು ಅಂತ ನೋಡೋಣ. ಅಂಗಡಿಯವ್ರು ಕ್ರೋಮ್ ವೆನೇಡಿಯಂ, ಎಸ್2 ಸ್ಟೀಲ್ ಅಂತ ಹೇಳ್ತಾರೆ, ಅದು ಸುಳ್ಳಲ್ಲ, ಆದ್ರೆ ಕೀ ಮೇಲೆ ಅಚ್ಚು ಹಾಕಿದ ತಕ್ಷಣ ಗಡಸುತನ ಬರಲ್ಲ, ಹೀಟ್ ಟ್ರೀಟ್‌ಮೆಂಟ್ ಸರಿ ಆಗಿರಬೇಕು, ಅದು ಕಣ್ಣಿಗೆ ಕಾಣಲ್ಲ. ಕಾಣೋದು, ಅಳೆಯೋಕೆ ಆಗೋದು ಸೈಜು. ಐಎಸ್ಒ 2936 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 4 ಎಂಎಂ ಕೀ ಎದುರುಬದುರು ಮುಖಗಳ ನಡುವೆ 4.00 ಮೀರಬಾರದು, 3.95ಕ್ಕಿಂತ ಕಮ್ಮಿ ಆಗಬಾರದು. ಬೋಲ್ಟ್ ತೂತು 4.02ರಿಂದ ಸುಮಾರು 4.1ರವರೆಗೆ ಇರಬಹುದು. ಅಂದ್ರೆ ಎಲ್ಲ ಸರಿ ಇದ್ರೂ ಮಧ್ಯೆ ಸ್ವಲ್ಪ ಜಾಗ ಇದ್ದೇ ಇರುತ್ತೆ. ಕಳಪೆ ಕೀ 3.88 ಇದ್ರೆ ಆ ಜಾಗ ಇನ್ನೂ ಹಿಗ್ಗುತ್ತೆ, ಕೀ ಒಳಗೆ ಸ್ವಲ್ಪ ತಿರುಗಿದ ಮೇಲೇ ಮೂಲೆ ಹೋಗಿ ಗೋಡೆಗೆ ತಾಗೋದು, ಇಡೀ ಒತ್ತಡ ಆರು ಸಣ್ಣ ಗೆರೆಗಳ ಮೇಲೆ ಬಿದ್ದು ಬೋಲ್ಟ್ ಒಳಗೋಡೆ ಕೆತ್ತಿ ಹೋಗುತ್ತೆ. ಡಿಜಿಟಲ್ ವರ್ನಿಯರ್ ಒಂದು ಜೇಬಲ್ಲಿ ಇಟ್ಕೊಂಡು ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋಗಿ, ಹಾರ್ಡ್‌ವೇರ್ ಅಂಗಡಿಯವ್ರು ಅಳೆಯೋಕೆ ಬೇಡ ಅನ್ನಲ್ಲ. ವರ್ನಿಯರ್ ಇಲ್ಲಾಂದ್ರೆ ಒಂದು ಹೊಸ ಎಂ5 ಬೋಲ್ಟ್ ತಗೊಂಡು ಹೋಗಿ, ಕೀ ಹಾಕಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಎರಡು ಮೂರು ಕಂಪನಿಯದ್ದು ಪಕ್ಕಪಕ್ಕ ಹಿಡಿದು ನೋಡಿದ್ರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತೆ.

ಇನ್ನೊಂದು, ಇಂಚಿನ ಕೀ ಬೆರೆಸಬೇಡಿ. 5/32 ಇಂಚು ಅಂದ್ರೆ 3.97 ಎಂಎಂ, ಅದು 4ರ ಜಾಗದಲ್ಲಿ ನಡೆದುಬಿಡುತ್ತೆ. ಆದ್ರೆ 3/16 ಅಂದ್ರೆ 4.76, ಅದನ್ನ 5ರಲ್ಲಿ ಹಾಕಿದ್ರೆ ಬೋಲ್ಟ್ ಹೋಯ್ತು ಅಂತಲೇ ಲೆಕ್ಕ. ಎರಡೂ ಒಂದೇ ಡಬ್ಬಿಯಲ್ಲಿ ಇದ್ರೆ ಯಾವತ್ತೋ ಒಂದಿನ ಕೈಗೆ ತಪ್ಪೇ ಸಿಗೋದು.

ಬಾಲ್ ಎಂಡ್, ಅಂದ್ರೆ ತುದಿ ಗುಂಡಾಗಿರೋ ಕೀ, ಅದರ ಬಗ್ಗೆ ತುಂಬ ಜನಕ್ಕೆ ಆಸೆ. ಓರೆಯಾಗಿ ಸುಮಾರು 25 ಡಿಗ್ರಿವರೆಗೆ ಹೋಗುತ್ತೆ, ಬಾಟಲ್ ಕೇಜ್ ಒಳಗಿನ ಬೋಲ್ಟ್‌ಗೆ ಅದಿಲ್ಲದೆ ಕೆಲಸ ಬೇಜಾರು, ಒಪ್ತೀನಿ. ಆದ್ರೆ ಆ ಗುಂಡು ತಲೆಯ ಹಿಂದೆ ಕತ್ತಿನ ಹತ್ರ ಲೋಹ ತೆಳ್ಳಗಿರುತ್ತೆ, ಅದ್ರಿಂದ ಬಿಗಿ ಬೋಲ್ಟ್ ಬಿಚ್ಚೋಕೆ ಹೋದ್ರೆ ಒಂದೋ ಬೋಲ್ಟ್ ಮೂಲೆ ಹೋಗುತ್ತೆ, ಇಲ್ಲಾ ಗುಂಡೇ ಮುರಿದು ಬೋಲ್ಟ್ ಒಳಗೆ ಕೂರುತ್ತೆ. ಮೊದಲ ಸಡಿಲ ಮತ್ತು ಕೊನೆಯ ಬಿಗಿ ಎರಡೂ ಚಪ್ಪಟೆ ತುದಿಯಲ್ಲೇ, ಮಧ್ಯೆ ಸುತ್ತೋಕಷ್ಟೇ ಬಾಲ್ ಎಂಡ್.

ಕೀ ಉದ್ದದ್ದು ಕೂಡ ಲೆಕ್ಕ ಇದೆ. ಸ್ಟೆಮ್ ಬೋಲ್ಟ್‌ಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಸುತ್ತಮುತ್ತ ಹೇಳಿರ್ತಾರೆ, 10 ಸೆಂ.ಮೀ ಕೈ ಇರೋ ಕೀ ತುದಿಗೆ ಅದು ಬರೀ 5 ಕೆಜಿ ಒತ್ತು. ಅದಕ್ಕೇ ಕಾರ್ಬನ್ ಹ್ಯಾಂಡಲ್ ಇರೋರು ಅಲ್ಲಿ ಟಾರ್ಕ್ ರೆಂಚ್ (ಬಿಗಿ ಎಷ್ಟಾಯ್ತು ಅಂತ ತೋರಿಸೋ ಪಾನಾ) ಬಿಟ್ಟು ಬೇರೇದು ಮುಟ್ಟಬಾರದು. ಪೆಡಲ್ ಕಥೆ ಬೇರೆ, 35 ನ್ಯೂಟನ್ ಮೀಟರ್ ಅಥವಾ ಜಾಸ್ತಿ, 20 ಸೆಂ.ಮೀ ಕೀಗೂ 18 ಕೆಜಿ ಹತ್ರ ಬಲ ಬೇಕು, ಅಲ್ಲಿ ಮಲ್ಟಿಟೂಲ್ ಹಿಡಿದ್ರೆ ಅಂಗೈ ನೋವು ಬಿಟ್ಟು ಏನೂ ಸಿಗಲ್ಲ. (ಎಡ ಪೆಡಲ್ ಥ್ರೆಡ್ ಉಲ್ಟಾ ಅನ್ನೋದು ಮರೀಬೇಡಿ.)

ಬ್ರ್ಯಾಂಡ್ ಕೇಳೋರಿಗೆ: ದುಡ್ಡಿದ್ರೆ ಸ್ವಿಸ್‌ನ ಪಿಬಿ ಅಥವಾ ಜರ್ಮನಿಯ ವೇರಾ, ವಿಹಾ. ವೇರಾದ ಹೆಕ್ಸ್ ಪ್ಲಸ್ ಕೀ ಮೂಲೆ ಬದಲು ಮುಖದ ಮೇಲೆ ಒತ್ತಡ ಹರಡುತ್ತೆ, ಸ್ವಲ್ಪ ಸವೆದ ಬೋಲ್ಟಲ್ಲೂ ಹಿಡಿತ ಸಿಗುತ್ತೆ, ವರ್ಕ್‌ಶಾಪ್‌ನವರಿಗೆ ಅದು ದುಡ್ಡಿಗೆ ತಕ್ಕ ಮಾಲು. ಅಮೆರಿಕದ ಬಾಂಡಸ್ ಮಧ್ಯಮ ಬೆಲೆಗೆ ತುಂಬ ಒಳ್ಳೇದು. ಅದೂ ಜಾಸ್ತಿ ಆಯ್ತು ಅಂದ್ರೆ ಅನ್‌ಬ್ರಾಕೊ, ಟಪಾರಿಯಾ ಇಲ್ಲಿ ಸುಲಭವಾಗಿ ಸಿಗುತ್ತೆ, ಮನೆ ಕೆಲಸಕ್ಕೆ ಯಾವ ಕೊರತೆಯೂ ಇಲ್ಲ, ಅಳೆದು ಆರಿಸಿ ಅಷ್ಟೇ.

ಆದ್ರೆ ಎಷ್ಟೇ ಒಳ್ಳೆ ಕೀ ಇದ್ರೂ ಪೂರ್ತಿ ಒಳಗೆ ಹೋಗದಿದ್ರೆ ಪ್ರಯೋಜನ ಇಲ್ಲ. ಕ್ಲೀಟ್ ಬೋಲ್ಟ್ ತೂತಲ್ಲಿ ಮಣ್ಣು ಕಲ್ಲಿನ ಥರ ಗಟ್ಟಿ ಆಗಿರುತ್ತೆ, ಕೀ ಅರ್ಧಕ್ಕೆ ನಿಲ್ಲುತ್ತೆ, ಜನ ಹಾಗೇ ತಿರುಗಿಸ್ತಾರೆ. ಮೊದಲು ದಬ್ಬಳದಿಂದ ತಳದವರೆಗೂ ಕೆರೆದು ತೆಗೀರಿ, ಆಮೇಲೆ ಕೀ ಇಟ್ಟು ಸುತ್ತಿಗೆಯಿಂದ ಒಂದು ಸಣ್ಣ ಏಟು ಕೊಡಿ, ತಳಕ್ಕೆ ಕೂತದ್ದು ಶಬ್ದದಲ್ಲೇ ಗೊತ್ತಾಗುತ್ತೆ.

ಕೀ ತುದಿಯನ್ನ ಆಗಾಗ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಆರು ಅಂಚೂ ಚೂಪಾಗಿ ಕಾಣುತ್ತೆ, ಸವೆದದ್ದರಲ್ಲಿ ತುದಿಯ ಎರಡು ಮೂರು ಎಂಎಂ ಮಾತ್ರ ಹೊಳಪಾಗಿ ಮೂಲೆ ದುಂಡಗಾಗಿರುತ್ತೆ, ಕೆಲವೊಮ್ಮೆ ಸ್ವಲ್ಪ ತಿರುಚಿದ ಹಾಗೂ ಇರುತ್ತೆ. ಹಿಂದಿನ ಭಾಗ ಚೆನ್ನಾಗೇ ಇರೋದ್ರಿಂದ ಎಸೆಯೋದು ಬೇಡ, ಆ ತುದಿಯಷ್ಟನ್ನ ಗ್ರೈಂಡರಲ್ಲಿ ಉಜ್ಜಿ ತೆಗೀರಿ, ಉಜ್ಜುವಾಗ ಪದೇಪದೇ ನೀರಲ್ಲಿ ಅದ್ದಿ, ಲೋಹ ನೀಲಿಗೆ ತಿರುಗಿದ್ರೆ ಆ ಜಾಗದ ಗಡಸುತನ ಹೋಯ್ತು ಅಂತ ಅರ್ಥ. ಬಾಲ್ ಎಂಡ್‌ಗೆ ಈ ಉಪಾಯ ಇಲ್ಲ.

ಇಷ್ಟಾದ್ಮೇಲೂ ಬೋಲ್ಟ್ ರೌಂಡ್ ಆಯ್ತು ಅಂದ್ರೆ, ಡ್ರಿಲ್ ಹಿಡಿಯೋ ಮೊದಲು 4 ಎಂಎಂಗೆ ಟಿ25, 5 ಎಂಎಂಗೆ ಟಿ30 ಟಾರ್ಕ್ಸ್ (ನಕ್ಷತ್ರ ಆಕಾರದ) ಬಿಟ್ ಬಡಿದು ಕೂರಿಸಿ ನಿಧಾನಕ್ಕೆ ತಿರುಗಿಸಿ ನೋಡಿ, ಹಿಂದಿನ ದಿನವೇ ಒಂದೆರಡು ಹನಿ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿದ್ರೆ ಇನ್ನೂ ಒಳ್ಳೇದು. ಹೊರಗೆ ಬಂದ ಬೋಲ್ಟ್ ವಾಪಸ್ ಹಾಕಬೇಡಿ. ಬಾಟಲ್ ಕೇಜ್ ಆದ್ರೆ ಸ್ಟೇನ್‌ಲೆಸ್ ಬೋಲ್ಟ್‌ಗೆ ಗ್ರೀಸ್ ಹಚ್ಚಿ ಹಾಕಿದ್ರೆ ಸಾಕು, ಸ್ಟೆಮ್ ಆದ್ರೆ ಮಾತ್ರ ಮಾರ್ಕೆಟ್‌ನ ಯಾವುದೋ ಬಿಡಿ ಬೋಲ್ಟ್ ಬೇಡ, ಸ್ಟೆಮ್ ಮಾಡಿದ ಕಂಪನಿಯದ್ದೇ ತರಿಸಿ ಹಾಕಿ.